ಪೆನ್ಷನ್ ಬಂದ ಮಿಲಿಟರಿಯವರಿಗೆ ತಾತ್ಕಾಲಿಕ ಸರ್ಕಾರಿ ಕೆಲಸ: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಸಿಪಾಯಿಯಾಗಿ ಸೇರಿದ ಹುಡುಗ ಪೆನ್ಷನ್ ಪಡೆದು ಊರಿಗೆ ಬರುವಾಗ ಎಷ್ಟೋ ಸಲ ವಯಸ್ಸು ಇನ್ನೂ 40 ದಾಟಿರುವುದಿಲ್ಲ. ಮಕ್ಕಳು ಶಾಲೆಯಲ್ಲಿರುತ್ತಾರೆ. ಎರಡು ಎಕರೆ ಕಾಫಿ ಇದ್ದರೂ ಅದು ಅಣ್ಣತಮ್ಮಂದಿರ ಪಾಲಿನಲ್ಲಿ ಸೇರಿಕೊಂಡಿರುತ್ತದೆ. ಪೆನ್ಷನ್ ದುಡ್ಡಲ್ಲಿ ಸಂಸಾರ ನಡೆಯುತ್ತದೆ, ಮನೆ ಕಟ್ಟಲು ಸಾಲುವುದಿಲ್ಲ. ಹಾಗಾಗಿ ಬಂದ ಸ್ವಲ್ಪ ದಿನಕ್ಕೇ "ಎಲ್ಲಾದ್ರೂ ಕೆಲಸ ಇದ್ರೆ ಹೇಳಿ" ಎಂದು ಕೇಳಲು ಶುರು ಮಾಡುತ್ತಾರೆ.

ಈ ಬರಹ ಹಾಗೆ ಕೇಳಿಸಿಕೊಳ್ಳುವವರಿಗೆ. ಮಾಜಿ ಸೈನಿಕರ ಸಂಘದಲ್ಲಿರುವವರು, ಪಂಚಾಯಿತಿ ಸದಸ್ಯರು, ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವ ಅಕ್ಕನ ಮಗಳು, ಯಾರಾದರೂ ಆಗಬಹುದು. ಸೈನಿಕನಿಗೆ ಕೆಲಸ ಮಾಡುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಹಾಯ ಬೇಕಾಗುವುದು ಕಾಗದ, ಕಚೇರಿ, ಕೊನೆಯ ದಿನಾಂಕ ಇವುಗಳ ವಿಷಯದಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಾತ್ಕಾಲಿಕ ಕೆಲಸ ಸಿಕ್ಕಿದರೆ ಸೇರಿಕೊಳ್ಳಿ, ಆದರೆ ಅಲ್ಲೇ ನಿಂತುಬಿಡಬೇಡಿ. ಗುತ್ತಿಗೆ ಕೆಲಸಕ್ಕೆ ಸೇರಿದರೆ ಮಾಜಿ ಸೈನಿಕರ ಮೀಸಲಾತಿ ಮುಗಿದುಹೋಗುತ್ತದೆ ಎಂದು ಹೆದರಿ ಎಷ್ಟೋ ಜನ ಸೇರುವುದೇ ಇಲ್ಲ. ಇದು ತಪ್ಪು ತಿಳಿವಳಿಕೆ. ಯಾವಾಗ ಬೇಕಾದರೂ ತೆಗೆದುಹಾಕಬಹುದಾದ ಗುತ್ತಿಗೆ, ದಿನಗೂಲಿ ಅಥವಾ ತಾತ್ಕಾಲಿಕ ಕೆಲಸ ಮಾಡಿದರೆ ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ನಿಮ್ಮ ಮೀಸಲಾತಿ ಹಾಗೇ ಉಳಿಯುತ್ತದೆ. ಅದು ಮುಗಿಯುವುದು ಮೀಸಲಾತಿಯಲ್ಲಿ ಕಾಯಂ ಸಿವಿಲ್ ಕೆಲಸಕ್ಕೆ ಸೇರಿದ ಮೇಲೆ. ಇನ್ನು ಕೆಲವರದ್ದು ಬೇರೆ ಕಥೆ. ಗುತ್ತಿಗೆ ಕೆಲಸ ಸಿಕ್ಕಿದ ಕೂಡಲೇ ಅರ್ಜಿ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ನಷ್ಟ ಇವರಿಗೇ ಜಾಸ್ತಿ. ಯಾಕೆಂದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಮೊದಲು ವಯಸ್ಸಿನ ಲೆಕ್ಕ ಹಾಕಿ

ಕೆಲಸ ಹುಡುಕುವ ಮೊದಲು ಒಂದು ಕಾಗದ, ಪೆನ್ನು ತೆಗೆದುಕೊಂಡು ಕೂತುಕೊಳ್ಳಿ. ಕೇಂದ್ರ ಸರ್ಕಾರದ ಸಿ ಗುಂಪಿನ (ಗುಮಾಸ್ತ, ಸಹಾಯಕರಂಥ) ಹುದ್ದೆಗಳಿಗೆ ನಿಯಮ ಹೀಗಿದೆ: ಈಗಿನ ವಯಸ್ಸಿನಲ್ಲಿ ಸೇನೆಯ ಸೇವಾವಧಿ ಕಳೆಯಬೇಕು. ಉಳಿದದ್ದು ಆ ಹುದ್ದೆಯ ಗರಿಷ್ಠ ವಯೋಮಿತಿಗಿಂತ 3 ವರ್ಷಕ್ಕೂ ಜಾಸ್ತಿ ಆಗಿರಬಾರದು.

ಉದಾಹರಣೆಗೆ 19ಕ್ಕೆ ಸೇರಿ, 17 ವರ್ಷ ಸೇವೆ ಮಾಡಿ ಬಂದವರಿಗೆ ಈಗ 38 ಎಂದಿಟ್ಟುಕೊಳ್ಳಿ. 38ರಲ್ಲಿ 17 ಕಳೆದರೆ 21. ಹುದ್ದೆಯ ವಯೋಮಿತಿ 27 ಆಗಿದ್ದರೆ 3 ಸೇರಿಸಿ 30. 21 ಅದಕ್ಕಿಂತ ಎಷ್ಟೋ ಕಡಿಮೆ. ಆರಾಮಾಗಿ ಅರ್ಜಿ ಹಾಕಬಹುದು. ಇವರೇ 50ನೇ ವಯಸ್ಸಿನಲ್ಲಿ ಅರ್ಜಿ ಹಾಕಿದರೆ? 50ರಲ್ಲಿ 17 ಹೋದರೆ 33. ಬಾಗಿಲು ಮುಚ್ಚಿರುತ್ತದೆ. ಅಂದರೆ ಇವರಿಗೆ ಸುಮಾರು 47ರವರೆಗೆ ಅವಕಾಶ ಇದೆ. ವಯೋಮಿತಿ 25 ಇರುವ ಹುದ್ದೆಯಾದರೆ 45ರವರೆಗೆ ಮಾತ್ರ. ರಾಜ್ಯ ಸರ್ಕಾರದಲ್ಲೂ ಸೇವಾವಧಿ ಮತ್ತು 3 ವರ್ಷದ ರಿಯಾಯಿತಿ ಸಿಗುತ್ತದೆ. ಅಲ್ಲಿ ಹುದ್ದೆಯ ವಯೋಮಿತಿ ಬೇರೆ ಇರುವುದರಿಂದ ಲೆಕ್ಕವನ್ನು ಬೇರೆಯಾಗಿಯೇ ಹಾಕಿ.

ಈ ಕೊನೆಯ ವಯಸ್ಸನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ತಾತ್ಕಾಲಿಕ ಕೆಲಸದಲ್ಲಿ ಕಳೆಯುವ ಪ್ರತಿ ವರ್ಷವೂ ಈ ಲೆಕ್ಕದಲ್ಲೇ ಕಳೆಯುತ್ತದೆ. ಊರಿಗೆ ಬಂದು ಎರಡು ವರ್ಷ ತೋಟ ನೋಡಿಕೊಂಡು, ಮೂರು ವರ್ಷ ಗೇಟ್ ಕೆಲಸ ಮಾಡಿ, ಆಮೇಲೆ ಪರೀಕ್ಷೆ ಬರೆಯೋಣ ಎಂದರೆ 5 ವರ್ಷ ಹೋಗಿರುತ್ತದೆ.

ಇನ್ನೊಂದು ವಿಷಯ. ಸೇವಾ ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಕೇಂದ್ರ ಸರ್ಕಾರದ ಹುದ್ದೆಗಳಿಗೆ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಬಹುದು. ನಿಮ್ಮ ಮನೆಯವರು ಇನ್ನೂ ಯೂನಿಟ್‌ನಲ್ಲೇ ಇದ್ದರೆ ಈಗಲೇ ಫೋನ್ ಮಾಡಿ ಹೇಳಿ.

ಕಾಗದ ಪತ್ರ: ಅರ್ಧ ಕೆಲಸ ಇಲ್ಲೇ ಇದೆ

ಟ್ರಂಕಿನಲ್ಲಿ ಭದ್ರವಾಗಿ ಇಟ್ಟಿರುವ ಕಾಗದಗಳನ್ನು ಒಮ್ಮೆ ಹೊರಗೆ ತೆಗೆಸಿ. ಕೊಡಗಿನ ಮಳೆಗಾಲದಲ್ಲಿ ಟ್ರಂಕ್ ಅಷ್ಟೇನೂ ಭದ್ರ ಅಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಫೋನಿನಲ್ಲಿ ಒಂದು ಪ್ರತಿ, ಇಮೇಲ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಬೇಕಾಗುವುದು ಇಷ್ಟು:

- ಡಿಸ್ಚಾರ್ಜ್ ಬುಕ್, ಎಲ್ಲ ಪುಟಗಳು. ನಡತೆ, ಟ್ರೇಡ್, ಮೆಡಿಕಲ್ ಕ್ಯಾಟಗರಿ ಬರೆದಿರುವ ಪುಟಗಳನ್ನು ಬಿಡಲೇಬೇಡಿ
- ಪೆನ್ಷನ್ ಪೇಮೆಂಟ್ ಆರ್ಡರ್
- ಸೈನಿಕ ಕಲ್ಯಾಣ ಇಲಾಖೆ ಕೊಡುವ ಮಾಜಿ ಸೈನಿಕರ ಗುರುತಿನ ಚೀಟಿ
- ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಆಗಿದ್ದರೆ ಅದರದ್ದೂ
- ಸೇನೆ ಕೊಟ್ಟ ಪದವಿ ಸಮಾನತೆ ಪ್ರಮಾಣಪತ್ರ
- ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಕೊಡಗಿನಲ್ಲಿ ಹೆಸರಿನ ಮುಂದೆ ಮನೆಹೆಸರು, ಹಿಂದೆ ಅಪ್ಪನ ಹೆಸರು ಇರುವುದು ಮಾಮೂಲು. ಡಿಸ್ಚಾರ್ಜ್ ಬುಕ್‌ನಲ್ಲಿ ಮನೆಹೆಸರು ಬರೀ ಒಂದು ಅಕ್ಷರ, ಆಧಾರ್‌ನಲ್ಲಿ ಪೂರ್ತಿ, ಎಸ್ಸೆಸ್ಸೆಲ್ಸಿಯಲ್ಲಿ ಇಲ್ಲವೇ ಇಲ್ಲ. ಹುಟ್ಟಿದ ದಿನಾಂಕವೂ ಕೆಲವೊಮ್ಮೆ ಬೇರೆ. ಆನ್‌ಲೈನ್ ಅರ್ಜಿಗೆ ಇದೆಲ್ಲ ಅರ್ಥ ಆಗುವುದಿಲ್ಲ. ಸುಲಭವಾಗಿ ಸರಿಯಾಗುವುದು ಆಧಾರ್ ಮತ್ತು ಪ್ಯಾನ್. ಅವನ್ನು ಎಸ್ಸೆಸ್ಸೆಲ್ಸಿ ಮತ್ತು ಡಿಸ್ಚಾರ್ಜ್ ಬುಕ್‌ಗೆ ಹೊಂದಿಸಿ. ಡಿಸ್ಚಾರ್ಜ್ ಬುಕ್‌ನಲ್ಲೇ ತಪ್ಪಿದ್ದರೆ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಅರ್ಜಿ ಕರೆದ ಮೇಲೆ ಓಡಾಡಿದರೆ ಆಗುವುದಿಲ್ಲ.

ಪದವಿ ಸಮಾನತೆ ಬಗ್ಗೆ ಎರಡು ಮಾತು. ಹತ್ತನೇ ತರಗತಿ ಪಾಸಾಗಿ 15 ವರ್ಷಕ್ಕೆ ಕಡಿಮೆಯಿಲ್ಲದೆ ಸೇವೆ ಮಾಡಿದವರನ್ನು, ಪದವಿ ಕೇಳುವ ಕೇಂದ್ರ ಸರ್ಕಾರದ ಸಿ ಗುಂಪಿನ ಹುದ್ದೆಗಳಿಗೆ ಅರ್ಹರು ಎಂದು ಪರಿಗಣಿಸುತ್ತಾರೆ. ತಾಂತ್ರಿಕ ಅಥವಾ ವೃತ್ತಿಪರ ಓದು ಬೇಕಾದ ಹುದ್ದೆಗಳಿಗೆ ಇದು ನಡೆಯುವುದಿಲ್ಲ. ಇದನ್ನು ಡಿಗ್ರಿ ಎಂದುಕೊಂಡು ಎಲ್ಲ ಕಡೆ ತೋರಿಸಲು ಹೋಗಬೇಡಿ. ಅಧಿಸೂಚನೆಯಲ್ಲಿ ಒಪ್ಪುತ್ತೇವೆ ಎಂದು ಬರೆದಿದೆಯಾ ಎಂದು ಓದಿ ನೋಡಿ. ಓದುವ ಮನಸ್ಸಿದ್ದರೆ ದೂರಶಿಕ್ಷಣದಲ್ಲಿ ನಿಜವಾದ ಡಿಗ್ರಿಯನ್ನೇ ಮಾಡಿಬಿಡುವುದು ಒಳ್ಳೆಯದು.

ಡ್ರೈವರ್ ಟ್ರೇಡಿನವರು ಸೇನೆಯ ಲೈಸೆನ್ಸ್ ನಂಬಿ ಕೂರಬಾರದು. ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ ನಾಗರಿಕ ಲೈಸೆನ್ಸ್ ಮಾಡಿಸಿಕೊಳ್ಳಿ, ಭಾರಿ ವಾಹನದ್ದೂ ಸೇರಿಸಿ. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ಹೊರಗೆ ಆಸ್ಪತ್ರೆ ಕೆಲಸಕ್ಕೆ ಯಾವ ನೋಂದಣಿ ಬೇಕು ಎಂದು ಮೊದಲೇ ಕೇಳಿಕೊಳ್ಳಿ.

ಮಡಿಕೇರಿಯ ಕಚೇರಿಯಲ್ಲಿ ಹೆಸರು ಬರೆಸಿ

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ ಮಡಿಕೇರಿಯಲ್ಲಿದೆ. ಉಪ ನಿರ್ದೇಶಕರು ಅದರ ಮುಖ್ಯಸ್ಥರು. ರಾಜ್ಯದ ಮುಖ್ಯ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಭವನದಲ್ಲಿದೆ. ನಮ್ಮ ಜಿಲ್ಲೆಯವರ ಹೆಸರೇ ಅಲ್ಲಿರುವುದು ಖುಷಿ, ಆದರೆ ಕೆಲಸಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ.

ಗುರುತಿನ ಚೀಟಿಗೆ ಒಂದು ನೋಂದಣಿ, ಉದ್ಯೋಗಕ್ಕೆ ಇನ್ನೊಂದು. ಬಹಳ ಜನ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಆದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. "ಉದ್ಯೋಗಕ್ಕೆ ಹೆಸರು ಬರೆಸಬೇಕು" ಎಂದು ಬಾಯಿಬಿಟ್ಟು ಕೇಳಿ. ಬ್ಯಾಂಕ್‌ಗಳು, ಕೇಂದ್ರ ಸರ್ಕಾರದ ಸಂಸ್ಥೆಗಳು ಮಾಜಿ ಸೈನಿಕರು ಬೇಕು ಎಂದಾಗ ಈ ಕಚೇರಿಗೆ ಪತ್ರ ಬರೆಯುವುದುಂಟು. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಕರೆ ಬರುತ್ತದೆ. ನೋಂದಣಿ ನವೀಕರಿಸುವ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. ಫೋನ್ ನಂಬರ್ ಬದಲಾದರೆ ಹೋಗಿ ಹೇಳಿ. ನಮ್ಮಲ್ಲಿ ತೋಟದ ಮನೆಗಳಿಗೆ ನೆಟ್‌ವರ್ಕ್ ಸಿಗುವುದೇ ಕಷ್ಟ, ಹಾಗಾಗಿ ಎರಡನೇ ನಂಬರಾಗಿ ಪೇಟೆಯಲ್ಲಿರುವ ನೆಂಟರದ್ದನ್ನೂ ಕೊಡಿ.

ಇದರ ಜೊತೆಗೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ಇದೆ. ಎಲ್ಲರೂ ಡಿಜಿಆರ್ ಎಂದೇ ಕರೆಯುತ್ತಾರೆ. ಉದ್ಯೋಗ ಮೇಳ, ತರಬೇತಿ, ಸೆಕ್ಯುರಿಟಿ ಏಜೆನ್ಸಿಗಳ ಪ್ರಾಯೋಜನೆ ಎಲ್ಲ ಇವರದ್ದು. ಇವರ ಪೋರ್ಟಲ್‌ನಲ್ಲೂ ನೋಂದಾಯಿಸಿ. ಸೇವೆಯ ಕೊನೆಯ ಎರಡು ವರ್ಷದಲ್ಲಿ ಪುನರ್ವಸತಿ ಕೋರ್ಸ್ ಸಿಗುತ್ತದೆ. ಕಂಪ್ಯೂಟರ್, ಫೈರ್ ಸೇಫ್ಟಿಯಂಥ ಕೋರ್ಸ್ ಮಾಡಿಕೊಂಡು ಬಂದವರಿಗೆ ಇಲ್ಲಿ ಕೆಲಸ ಬೇಗ ಸಿಗುತ್ತದೆ.

ಈ ಯಾವ ನೋಂದಣಿಗೂ ಮಧ್ಯವರ್ತಿ ಬೇಕಾಗಿಲ್ಲ. "ಡೆಪಾಸಿಟ್ ಕಟ್ಟಿದರೆ ಕೆಲಸ ಗ್ಯಾರಂಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ.

ಕೊಡಗಿನಲ್ಲಿ ಎಲ್ಲೆಲ್ಲಿ ಹುಡುಕಬೇಕು

ಮೊದಲು ಇಸಿಎಚ್‌ಎಸ್ ಪಾಲಿಕ್ಲಿನಿಕ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸಾಲಯ. ಮಡಿಕೇರಿ ಮತ್ತು ವಿರಾಜಪೇಟೆಯಲ್ಲಿವೆ. ಡಾಕ್ಟರ್‌ನಿಂದ ಹಿಡಿದು ಕ್ಲರ್ಕ್, ಡಾಟಾ ಎಂಟ್ರಿ, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಡ್ರೈವರ್, ಚೌಕಿದಾರ್‌ವರೆಗೆ ಎಲ್ಲ ಗುತ್ತಿಗೆ ಮೇಲೆಯೇ. ಸಾಮಾನ್ಯವಾಗಿ ಒಂದು ವರ್ಷದ ಗುತ್ತಿಗೆ, ಕೆಲಸ ನೋಡಿ ಮುಂದುವರಿಸುತ್ತಾರೆ. ಹಲವು ಹುದ್ದೆಗಳಲ್ಲಿ ಮಾಜಿ ಸೈನಿಕರಿಗೇ ಆದ್ಯತೆ. ವಾತಾವರಣವೂ ಗೊತ್ತಿರುವುದೇ, ಎದುರಿಗೆ ಬರುವವರೂ ನಮ್ಮವರೇ. ಸಿಕ್ಕಿದರೆ ಬಿಡಬೇಡಿ. ನೇಮಕ ಮಾಡುವುದು ಸ್ಟೇಷನ್ ಹೆಡ್‌ಕ್ವಾರ್ಟರ್ಸ್ (ಆ ಪ್ರದೇಶದ ಸೇನಾ ಕಚೇರಿ). ಜಾಹೀರಾತು ಇಸಿಎಚ್‌ಎಸ್ ವೆಬ್‌ಸೈಟ್‌ನಲ್ಲಿ ಬರುತ್ತದೆ. ಪಾಲಿಕ್ಲಿನಿಕ್‌ಗೆ ಔಷಧಿಗೆ ಹೋದಾಗ ನೋಟಿಸ್ ಬೋರ್ಡ್ ಮೇಲೊಂದು ಕಣ್ಣು ಹಾಕಿ ಬನ್ನಿ.

ಆಮೇಲೆ ಶಾಲೆಗಳು. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯ, ಮಡಿಕೇರಿಯ ಕೇಂದ್ರೀಯ ವಿದ್ಯಾಲಯ. ಸೈನಿಕ ಶಾಲೆಗಳಲ್ಲಿ ವಾರ್ಡ್ ಬಾಯ್, ದೈಹಿಕ ಶಿಕ್ಷಕ, ಬ್ಯಾಂಡ್ ಮಾಸ್ಟರ್, ಗುಮಾಸ್ತ ಇಂಥ ಹುದ್ದೆಗಳನ್ನು ಗುತ್ತಿಗೆಯಲ್ಲಿ ತುಂಬುತ್ತಾರೆ. ಮಕ್ಕಳನ್ನು ಬೆಳಿಗ್ಗೆ ಪಿಟಿಗೆ ಎಬ್ಬಿಸಿ ನಿಲ್ಲಿಸುವುದು ಹವಾಲ್ದಾರರಿಗೆ ಹೇಳಿಕೊಡಬೇಕಾದ ಕೆಲಸವೇ? ಕೇಂದ್ರೀಯ ವಿದ್ಯಾಲಯಗಳು ಶೈಕ್ಷಣಿಕ ವರ್ಷಕ್ಕೆ ಮುಂಚೆ, ಬೇಸಿಗೆ ಹತ್ತಿರ ಬರುವಾಗ, ನೇರ ಸಂದರ್ಶನ ಕರೆಯುತ್ತವೆ. ಕ್ರೀಡಾ ತರಬೇತುದಾರರನ್ನೂ ತೆಗೆದುಕೊಳ್ಳುತ್ತಾರೆ. ವಿದ್ಯಾರ್ಹತೆ ಮಾತ್ರ ಗಟ್ಟಿಯಾಗಿ ನೋಡುತ್ತಾರೆ.

ಜಿಲ್ಲಾಡಳಿತದ ಕಚೇರಿಗಳು, ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ವಿದ್ಯಾರ್ಥಿನಿಲಯಗಳು, ಇಲ್ಲೆಲ್ಲ ಭದ್ರತೆ, ಡ್ರೈವರ್, ಡಾಟಾ ಎಂಟ್ರಿ ಕೆಲಸಗಳು ಹೆಚ್ಚಾಗಿ ಹೊರಗುತ್ತಿಗೆ. ಅಂದರೆ ಇಲಾಖೆ ಟೆಂಡರ್ ಕರೆದು ಏಜೆನ್ಸಿಗೆ ಕೊಡುತ್ತದೆ, ಏಜೆನ್ಸಿ ಜನ ಕಳಿಸುತ್ತದೆ. ಇಲ್ಲಿ ಇಲಾಖೆಗೆ ಅರ್ಜಿ ಕೊಟ್ಟರೆ ಅದು ಫೈಲಿನಲ್ಲೇ ಇರುತ್ತದೆ. ಕೇಳಬೇಕಾದ್ದು, "ಈ ವರ್ಷದ ಟೆಂಡರ್ ಯಾರಿಗಾಗಿದೆ, ಎಲ್ಲಿವರೆಗೆ?" ಟೆಂಡರ್ ವಿವರ ಕರ್ನಾಟಕದ ಸಾರ್ವಜನಿಕ ಖರೀದಿ ಪೋರ್ಟಲ್‌ನಲ್ಲೂ ಇರುತ್ತದೆ. ಟೆಂಡರ್ ಬದಲಾಗುವ ಹೊತ್ತಿಗೆ ಹೋಗಿ ಹೊಸ ಏಜೆನ್ಸಿಯವರನ್ನು ಕಂಡರೆ ಅವಕಾಶ ಜಾಸ್ತಿ.

ಡಾಟಾ ಎಂಟ್ರಿಗೆ ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಬೇಕೇ ಬೇಕು. ಸೇನೆಯಲ್ಲಿ ಕ್ಲರ್ಕ್ ಆಗಿದ್ದವರ ಕೈ ಇಂಗ್ಲಿಷ್, ಹಿಂದಿಗೆ ಪಳಗಿರುತ್ತದೆ. ನುಡಿ ತಂತ್ರಾಂಶ ಉಚಿತ. ಒಂದೆರಡು ತಿಂಗಳು ಮನೆಯಲ್ಲೇ ಕೂತು ಕಲಿಯಬಹುದು.

ಅರಣ್ಯ ಇಲಾಖೆಯನ್ನು ಬಹಳ ಜನ ಮರೆಯುತ್ತಾರೆ. ತೋಟಕ್ಕೆ ಬಂದ ಆನೆಗಳನ್ನು ಕಾಡಿಗೆ ಓಡಿಸುವ ತಂಡಗಳಲ್ಲಿ, ಕಾವಲು ಕೆಲಸದಲ್ಲಿ ತಾತ್ಕಾಲಿಕ ಸಿಬ್ಬಂದಿ ಇರುತ್ತಾರೆ. ರಾತ್ರಿ ಕೆಲಸ, ಅಪಾಯದ ಕೆಲಸ. ಕಾಡಿನಲ್ಲಿ ನಡೆದು ಅಭ್ಯಾಸ ಇರುವವರಿಗೆ ಸರಿ. ಆದರೆ ಸೇರುವ ಮೊದಲು ವಿಮೆ ಇದೆಯಾ, ಯಾರ ಹೆಸರಿನಲ್ಲಿ, ಎಷ್ಟಕ್ಕೆ ಎಂದು ಕೇಳಲೇಬೇಕು. ಉತ್ತರ ಸರಿಯಾಗಿ ಬರದಿದ್ದರೆ ನಾನಾದರೆ ಬೇಡ ಎನ್ನುತ್ತೇನೆ.

ಗೃಹರಕ್ಷಕ ದಳವನ್ನು ಕೆಲಸ ಎನ್ನುವುದಕ್ಕಿಂತ ಸೇವೆ ಎನ್ನಬೇಕು. ಡ್ಯೂಟಿ ಮಾಡಿದ ದಿನಕ್ಕೆ ಗೌರವಧನ ಸಿಗುತ್ತದೆ. ಪ್ರವಾಸಿ ತಾಣಗಳಲ್ಲಿ ಕಾಣುವ ಪ್ರವಾಸಿ ಮಿತ್ರರೂ ಈ ದಳದವರೇ. ತೋಟ ನೋಡಿಕೊಂಡು, ಪರೀಕ್ಷೆಗೆ ಓದಿಕೊಂಡು ಇರುವವರಿಗೆ ಇದು ಹೊಂದುತ್ತದೆ. ಚುನಾವಣೆ ಬಂದಾಗ ಮಾಜಿ ಸೈನಿಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳಾಗಿ ಕೆಲವು ದಿನದ ಮಟ್ಟಿಗೆ ಕರೆಯುತ್ತಾರೆ. ದುಡ್ಡು ದೊಡ್ಡದಲ್ಲ, ಪೊಲೀಸ್ ಮತ್ತು ಕಂದಾಯ ಇಲಾಖೆಯವರ ಪರಿಚಯ ಆಗುತ್ತದೆ.

ಜಿಲ್ಲೆ ಬಿಟ್ಟು ಹೋಗಲು ಮನಸ್ಸಿದ್ದರೆ ಇನ್ನೂ ಇವೆ. ರೈಲ್ವೆಯವರು ಗೇಟ್‌ಮ್ಯಾನ್ ಕೆಲಸಕ್ಕೆ ಮಾಜಿ ಸೈನಿಕರನ್ನು ಗುತ್ತಿಗೆಯಲ್ಲಿ ತೆಗೆದುಕೊಂಡದ್ದಿದೆ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಮೈಸೂರು ಕಡೆಗೇ ಹೋಗಬೇಕು. ಸೇನಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್ ಗುತ್ತಿಗೆಯಲ್ಲ, ಮತ್ತೆ ಸಮವಸ್ತ್ರ ಹಾಕುವ ಮರುಸೇರ್ಪಡೆ. ಅದರ ಕೇಂದ್ರ ಇರುವುದು ಕಣ್ಣೂರಿನಲ್ಲಿ, ವಿರಾಜಪೇಟೆಯಿಂದ ಮಾಕುಟ್ಟ ದಾರಿಯಲ್ಲಿ ಇಳಿದರೆ ಸಿಗುತ್ತದೆ. ವಯಸ್ಸು, ಮೆಡಿಕಲ್ ಕ್ಯಾಟಗರಿ, ಬಿಡುಗಡೆಯಾಗಿ ಎಷ್ಟು ಕಾಲ ಆಯಿತು ಎಂಬುದನ್ನೆಲ್ಲ ನೋಡುತ್ತಾರೆ. ಹೋಗುವುದಾದರೆ ತಡ ಮಾಡಬೇಡಿ.

ಏಜೆನ್ಸಿ ಎಂದರೆ ಎಲ್ಲ ಒಂದೇ ಅಲ್ಲ

ಸೆಕ್ಯುರಿಟಿ ಕೆಲಸಕ್ಕೆ ಹೋಗುವವರು ಇದನ್ನು ಗಮನವಿಟ್ಟು ಓದಿ. ಡಿಜಿಆರ್ ಪ್ರಾಯೋಜಿತ ಏಜೆನ್ಸಿ ಬೇರೆ, ಸಾಮಾನ್ಯ ಏಜೆನ್ಸಿ ಬೇರೆ. ಡಿಜಿಆರ್ ಏಜೆನ್ಸಿಗಳನ್ನು ನಡೆಸುವವರು ನಿವೃತ್ತ ಸೇನಾಧಿಕಾರಿಗಳು. ಅಲ್ಲಿ ಗಾರ್ಡ್‌ಗಳಲ್ಲಿ 90% ಮಾಜಿ ಸೈನಿಕರೇ ಇರಬೇಕು. ಕೇಂದ್ರ ಸರ್ಕಾರದ ಉದ್ಯಮಗಳಿಗೆ ಇವರು ಸಿಬ್ಬಂದಿ ಕೊಡುತ್ತಾರೆ, ವೇತನಕ್ಕೆ ಡಿಜಿಆರ್‌ನದ್ದೇ ದರಪಟ್ಟಿ ಇದೆ. ಆ ದರ ಕೇಂದ್ರದ ಕನಿಷ್ಠ ವೇತನವನ್ನು ಅವಲಂಬಿಸಿದೆ. ಅದರಲ್ಲಿ ಆಯುಧ ಇರುವ ಗಾರ್ಡ್ ಮತ್ತು ಇಲ್ಲದ ಗಾರ್ಡ್‌ಗೆ ಬೇರೆ ಬೇರೆ ದರ, ಊರು ನೋಡಿ ಎ, ಬಿ, ಸಿ ವರ್ಗ. ಬೆಂಗಳೂರು ಎ ವರ್ಗದಲ್ಲಿದೆ, ಮೈಸೂರು ಮತ್ತು ಮಂಗಳೂರು ಬಿ ವರ್ಗದಲ್ಲಿವೆ. ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬದಲಾಗುತ್ತದೆ. ಆ ತಿಂಗಳು ಕೈಗೆ ಬರುವ ದುಡ್ಡು ಬದಲಾಗದಿದ್ದರೆ ಯಾಕೆಂದು ಕೇಳಿ.

ಸಾಮಾನ್ಯ ಏಜೆನ್ಸಿಯಾದರೆ ಅದಕ್ಕೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಲೈಸೆನ್ಸ್ ಇರಬೇಕು. ಗಾರ್ಡ್‌ಗಳಿಗೆ ತರಬೇತಿಯೂ ಕಡ್ಡಾಯ. ಹೊಸಬರಿಗೆ 100 ಗಂಟೆ ತರಗತಿ, 60 ಗಂಟೆ ಫೀಲ್ಡ್ ತರಬೇತಿ. ಮಾಜಿ ಸೈನಿಕರಿಗೆ 40 ಗಂಟೆ ತರಗತಿ, 16 ಗಂಟೆ ಫೀಲ್ಡ್ ಸಾಕು. ಪೂರ್ತಿ ತರಬೇತಿಗೆ ಫೀಸ್ ಕೇಳಿದರೆ ಈ ನಿಯಮ ತೋರಿಸಿ.

ಯಾವ ಏಜೆನ್ಸಿಯಾದರೂ ಸೇರುವ ಮೊದಲೇ ಇಷ್ಟು ಕೇಳಿ. ದಿನಕ್ಕೆ ಎಷ್ಟು ಗಂಟೆ, 8 ಅಥವಾ 12? ವಾರದ ರಜೆ ಇದೆಯಾ? ಪಿಎಫ್, ಇಎಸ್‌ಐ ಕಟ್ಟುತ್ತಾರಾ? ಸಂಬಳ ಬ್ಯಾಂಕಿಗೆ ಬರುತ್ತದಾ? ಪಿಎಫ್‌ಗೆ ನಿಮ್ಮ ಪಾಲು 12%. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐಗೆ ನಿಮ್ಮಿಂದ 0.75% ಮತ್ತು ಮಾಲೀಕರಿಂದ 3.25%. ಇದಕ್ಕಿಂತ ಜಾಸ್ತಿ ಕಡಿತ ಕಂಡರೆ, ಅಥವಾ ಮಾಲೀಕರ ಪಾಲನ್ನೂ ನಿಮ್ಮ ಸಂಬಳದಿಂದಲೇ ತೆಗೆದಿದ್ದರೆ, ಲೆಕ್ಕ ಕೇಳುವ ಹಕ್ಕು ನಿಮ್ಮದು. "ನಿಮಗೆ ಹೇಗೂ ಪೆನ್ಷನ್ ಬರುತ್ತಲ್ಲ" ಎಂದು ಸಂಬಳ ಕಡಿಮೆ ಹೇಳುವವರೂ ಇದ್ದಾರೆ. ಪೆನ್ಷನ್ ದುಡಿದು ಗಳಿಸಿದ್ದು, ಅದಕ್ಕೂ ಈ ಸಂಬಳಕ್ಕೂ ಸಂಬಂಧವೇ ಇಲ್ಲ.

ಕೋವಿ ಇದೆ, ಆದರೆ…

ಇದು ಕೊಡಗಿಗೆ ಮಾತ್ರ ಇರುವ ಗೊಂದಲ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಆಯುಧ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹಾಗಾಗಿ ಗನ್‌ಮ್ಯಾನ್ ಕೆಲಸದ ಜಾಹೀರಾತು ನೋಡಿದ ಕೂಡಲೇ "ನಮ್ಮ ಹತ್ರ ಕೋವಿ ಉಂಟಲ್ಲ" ಎಂದು ಹೊರಡುವವರಿದ್ದಾರೆ.

ವಿನಾಯಿತಿ ಪತ್ರ ಕೆಲಸಕ್ಕೆ ನಡೆಯುತ್ತದೆ ಎಂದು ಊಹಿಸಬೇಡಿ. ಬ್ಯಾಂಕ್‌ನವರು, ಏಜೆನ್ಸಿಯವರು ಕೇಳುವುದು ಲೈಸೆನ್ಸ್. ಅದೂ ಕೆಲಸದ ಜಾಗದಲ್ಲಿ ಊರ್ಜಿತ ಇರುವ ಲೈಸೆನ್ಸ್. ಅಜ್ಜನ ಕಾಲದ ಒಂಟಿನಳಿಗೆ ಕೋವಿ ಹಿಡಿದು ಬೆಂಗಳೂರಿನ ಬ್ಯಾಂಕ್ ಮುಂದೆ ನಿಲ್ಲಲು ಆಗುವುದಿಲ್ಲ. ಗನ್‌ಮ್ಯಾನ್ ಕೆಲಸವೇ ಬೇಕು ಎಂದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಿ. ಅಲ್ಲಿವರೆಗೆ ಆಯುಧ ಬೇಡದ ಹುದ್ದೆ ನೋಡಿ, ಅಥವಾ ಸಂಸ್ಥೆಯೇ ಆಯುಧ ಕೊಡುವ ಕೆಲಸ ಹುಡುಕಿ.

ಅರ್ಜಿಯಲ್ಲಿ ಸೇನೆಯ ಕೆಲಸವನ್ನು ಬಿಡಿಸಿ ಬರೆಯಿರಿ

"ಸಿಎಚ್‌ಎಂ ಆಗಿದ್ದೆ, ಕೋತ್ ನೋಡಿಕೊಳ್ಳುತ್ತಿದ್ದೆ" ಎಂದರೆ ಹಾಸ್ಟೆಲ್ ಕಚೇರಿಯಲ್ಲಿ ಕೂತವರಿಗೆ ಏನು ಗೊತ್ತಾಗುತ್ತದೆ? ಇಲ್ಲಿ ನಿಮ್ಮ ಸಹಾಯ ನಿಜವಾಗಿ ಬೇಕು. ಅವರ ಎದುರು ಕೂತು ಕೇಳಿ. ಎಷ್ಟು ಜನರ ಡ್ಯೂಟಿ ಹಂಚುತ್ತಿದ್ದಿರಿ? ಯಾವ ಯಾವ ರಿಜಿಸ್ಟರ್ ಬರೆಯುತ್ತಿದ್ದಿರಿ? ಯಾವ ಗಾಡಿ ಓಡಿಸಿದಿರಿ, ಎಂಥ ರಸ್ತೆಯಲ್ಲಿ? ರೇಷನ್ ಸ್ಟೋರ್ ನೋಡಿಕೊಂಡಿದ್ದಿರಾ? ಉತ್ತರಗಳನ್ನು ಸರಳವಾಗಿ ಬರೆಯಿರಿ. "100 ಜನರ ಕಂಪನಿಯ ದಿನದ ಹಾಜರಾತಿ, ರಜೆ, ಡ್ಯೂಟಿ ಪಟ್ಟಿ ನಿರ್ವಹಣೆ", "ಆಯುಧಾಗಾರದ ದಾಸ್ತಾನು ಮತ್ತು ಲೆಕ್ಕ ಪುಸ್ತಕ". ಕಂಪನಿ ಹವಾಲ್ದಾರ್ ಮೇಜರ್ ಆಗಿದ್ದವರು ಹಾಸ್ಟೆಲ್ ಮೇಲ್ವಿಚಾರಣೆಗೆ ಎಷ್ಟು ಸೂಕ್ತ ಎಂಬುದು ಆಗ ಓದಿದವರಿಗೆ ತಾನಾಗಿ ತಿಳಿಯುತ್ತದೆ.

ಎರಡು ಪುಟ ದಾಟಬೇಡಿ. ಮೆಡಲ್‌ಗಳ ಪಟ್ಟಿಗೆ ಒಂದು ಸಾಲು ಸಾಕು. ಹೊರಗಿನವರಿಗೆ ಹೇಳಬಾರದ ಯೂನಿಟ್, ಜಾಗದ ವಿವರ ಬರೆಯಬೇಡಿ.

ಮನೆಯಲ್ಲಿ ಇನ್ನೊಂದು ಅಡ್ಡಿ ಇರುತ್ತದೆ. "ಸುಬೇದಾರ್ ಆಗಿದ್ದವರು ಗೇಟ್ ಕಾಯೋದಾ?" ಇದನ್ನು ಹೇಳುವುದು ಹೆಚ್ಚಾಗಿ ಕೆಲಸ ಮಾಡುವವರಲ್ಲ, ಮಾವಂದಿರು. ಬಲವಂತ ಮಾಡಬೇಡಿ. ರ‍್ಯಾಂಕಿಗೆ ತಕ್ಕಂತೆ ಸೂಪರ್‌ವೈಸರ್ ಹುದ್ದೆ ಕೇಳುವುದು ತಪ್ಪೇನಲ್ಲ, ಜೆಸಿಒಗಳು (ಸುಬೇದಾರ್ ಮಟ್ಟದವರು) ಕೇಳಲೇಬೇಕು. ಆದರೆ ಅದು ಸಿಗುವವರೆಗೆ ಖಾಲಿ ಕೂರಬೇಕಾ ಎಂಬುದನ್ನು ಅವರೇ ತೀರ್ಮಾನಿಸಲಿ.

ಸೇರಿದ ಮೇಲೆ

ನೇಮಕಾತಿ ಪತ್ರ ಇಲ್ಲದೆ ಕೆಲಸ ಶುರು ಮಾಡಬೇಡಿ. ಪತ್ರದಲ್ಲಿ ಅವಧಿ, ಸಂಬಳ, ಯಾವ ಕಚೇರಿ, ಗುತ್ತಿಗೆಯಾ ಹೊರಗುತ್ತಿಗೆಯಾ ಎಂಬುದು ಇರಬೇಕು. ಮುಂದೆ ಕಾಯಂ ಹುದ್ದೆಗೆ ಅರ್ಜಿ ಹಾಕುವಾಗ "ನಾನಿದ್ದದ್ದು ತಾತ್ಕಾಲಿಕ ಕೆಲಸದಲ್ಲಿ" ಎಂದು ತೋರಿಸಲು ಇದೇ ದಾಖಲೆ.

ಕಾಫಿ ಕುಯ್ಲು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಆಗ ರಜೆ ಸಿಗುತ್ತದಾ ಎಂಬುದನ್ನೂ ಸೇರುವಾಗಲೇ ಮಾತಾಡಿ. ಜನವರಿಯಲ್ಲಿ ಹೇಳದೆ ತೋಟಕ್ಕೆ ಹೋದರೆ ಮುಂದಿನ ವರ್ಷ ಗುತ್ತಿಗೆ ಮುಂದುವರಿಯುವುದಿಲ್ಲ.

"ಕೆಲವು ವರ್ಷ ಮಾಡಿದರೆ ಕಾಯಂ ಮಾಡ್ತಾರೆ" ಎಂಬ ಮಾತನ್ನು ನಂಬಬೇಡಿ. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಿಯಮದ ಪ್ರಕಾರ ನೇಮಕ ಆಗದೆ, ಸುಮ್ನೆ ತಾತ್ಕಾಲಿಕವಾಗಿ ದುಡಿದೆವು ಎಂಬ ಕಾರಣಕ್ಕೆ ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳಲು ಆಗುವುದಿಲ್ಲ ಎಂದಿತು. ಕಾಯಂ ಕೆಲಸಕ್ಕೆ ದಾರಿ ಒಂದೇ, ಅರ್ಜಿ ಮತ್ತು ಪರೀಕ್ಷೆ.

ಆ ದಾರಿಯಲ್ಲಿ ಇರುವುದು ಏನೆಂದರೆ, ಕೇಂದ್ರ ಸರ್ಕಾರದ ಸಿ ಗುಂಪಿನ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10%, ಸಾರ್ವಜನಿಕ ಬ್ಯಾಂಕ್ ಮತ್ತು ಕೇಂದ್ರದ ಉದ್ಯಮಗಳಲ್ಲಿ ಸಿ ಗುಂಪಿಗೆ 14.5%, ಡಿ ಗುಂಪಿಗೆ 24.5%. ಬ್ಯಾಂಕ್ ಮತ್ತು ಉದ್ಯಮಗಳ ಈ ಎರಡು ಪಾಲಿನಲ್ಲೂ 4.5% ಯುದ್ಧದಲ್ಲಿ ಅಂಗವಿಕಲರಾದವರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ. ಕರ್ನಾಟಕದ ನೇರ ನೇಮಕಾತಿಯಲ್ಲೂ 10% ಇದೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆ, ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆ (ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ ಕಚೇರಿ ಸಹಾಯಕರ ಹುದ್ದೆಗೆ ನಡೆಸುವುದು) ಇವೆರಡನ್ನು ಮೊದಲು ಹಿಡಿದುಕೊಳ್ಳಿ ಎಂಬುದು ನನ್ನ ಸಲಹೆ. ಒಂದೇ ಓದು ಎರಡಕ್ಕೂ ಆಗುತ್ತದೆ. ಗಣಿತ ಬಿಟ್ಟು 20 ವರ್ಷ ಆದವರಿಗೆ ಹೈಸ್ಕೂಲ್ ಓದುವ ಮಗಳೇ ಒಳ್ಳೆಯ ಟೀಚರ್.

ಕಾಯಂ ಕೆಲಸದಲ್ಲಿ ಪೆನ್ಷನ್ ಕಡಿಮೆ ಆಗುತ್ತದೆಂಬ ಹೆದರಿಕೆಯೂ ಇದೆ. ಜವಾನರಿಂದ ಜೆಸಿಒವರೆಗಿನವರು 55 ವರ್ಷಕ್ಕೆ ಮುಂಚೆ ನಿವೃತ್ತರಾಗಿ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದರೆ, ಸಂಬಳ ನಿಗದಿ ಮಾಡುವಾಗ ಸೇನೆಯ ಪೆನ್ಷನ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಗ್ನಿವೀರರ ವಿಷಯ ಬೇರೆ. 4 ವರ್ಷ ಮುಗಿಸಿ ಬರುವವರಿಗೆ ಪೆನ್ಷನ್ ಇಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ಮೇಲೆ ಹೇಳಿದ ಕೋಟಾಗಳು ಅವರಿಗೆ ಅನ್ವಯ ಆಗುವುದಿಲ್ಲ. ಅವರಿಗೆ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಪ್ರತ್ಯೇಕ ಮೀಸಲಾತಿ ಘೋಷಿಸಿದ್ದಾರೆ. ವಯಸ್ಸು ಚಿಕ್ಕದು, ಸುಮ್ಮನೆ ಗೇಟ್ ಕೆಲಸಕ್ಕೆ ಕಳಿಸದೆ ಆ ಕಡೆಗೆ ಕಳಿಸಿ.

ಕಾಯಂ ಕೆಲಸ ಸಿಕ್ಕಿದ ದಿನ ಮಾಡಬೇಕಾದ ಒಂದು ಕೆಲಸ ಬಾಕಿ ಇದೆ. ಕೇಂದ್ರದ 2014ರ ಆಗಸ್ಟ್ ಆದೇಶದ ಪ್ರಕಾರ, ಮೊದಲ ಸಿವಿಲ್ ಕೆಲಸಕ್ಕೆ ಸೇರುವ ಮುಂಚೆ ಬೇರೆ ಕಡೆ ಹಾಕಿದ ಅರ್ಜಿಗಳಿಗೂ ಮೀಸಲಾತಿ ಉಳಿಸಿಕೊಳ್ಳಬಹುದು. ಅದಕ್ಕೆ ಸೇರಿದ ಕೂಡಲೇ, ಯಾವ ಹುದ್ದೆಗೆ ಯಾವ ದಿನ ಅರ್ಜಿ ಹಾಕಿದ್ದೇನೆ ಎಂದು ಪಟ್ಟಿ ಮಾಡಿ ಕಚೇರಿಗೆ ಸ್ವಯಂ ಘೋಷಣೆ ಕೊಡಬೇಕು. ಒಂದು ನೋಟ್‌ಬುಕ್ ಇಟ್ಟು ಪ್ರತಿ ಅರ್ಜಿಯ ದಿನಾಂಕ, ನೋಂದಣಿ ಸಂಖ್ಯೆಯನ್ನು ಮೊದಲಿನಿಂದಲೇ ಬರೆಯುತ್ತಾ ಬಂದರೆ ಆ ಪಟ್ಟಿ ಹತ್ತು ನಿಮಿಷದ ಕೆಲಸ. ಘೋಷಣೆಯ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಬಿಟ್ಟುಬಂದ ಗುತ್ತಿಗೆ ಕೆಲಸದ ಕಡೆಯಿಂದ ಅನುಭವ ಪತ್ರ, ಬಿಡುಗಡೆ ಪತ್ರ ಎರಡನ್ನೂ ಅದೇ ವಾರದಲ್ಲಿ ತೆಗೆದುಕೊಳ್ಳಿ, ಟೆಂಡರ್ ಬದಲಾಗಿ ಏಜೆನ್ಸಿ ಹೋದ ಮೇಲೆ ಸಹಿ ಹಾಕುವವರು ಸಿಗುವುದಿಲ್ಲ.